ಯಾರ ಕೈಯ ಎಣ್ಣೆ

ನಮ್ಮ ಪಡಸಾಲೆಯ ಗೋಡೆಗೆ ಅಪ್ಪ ಸುಣ್ಣ ಬಳಿದು, ಅದರ ಮೇಲೆ ಬಟ್ಟೆಗೆ ಹಾಕುವ ನೀಲಿಯಿಂದ ಏಳು ಚೌಕ ಬರೆದಿದ್ದ. ಚರ್ಚಿನ ಏಳು ಸಂಸ್ಕಾರಗಳಿಗೆ ಏಳು ಚೌಕ. ಜ್ಞಾನಸ್ನಾನಕ್ಕೆ ನೀರಿನ ತಂಬಿಗೆ, ಪರಮಪ್ರಸಾದಕ್ಕೆ ರೊಟ್ಟಿ ಮತ್ತು ಬಟ್ಟಲು, ಪಾಪನಿವೇದನೆಗೆ ಬೀಗದ ಕೈ, ರೋಗಿಗಳ ಅಭ್ಯಂಗಕ್ಕೆ ಎಣ್ಣೆಯ ಬಾಟಲಿ, ಮದುವೆಗೆ ಎರಡು ಉಂಗುರ, ಹೀಗೆ. ಉಂಗುರಗಳು ಒಂದಕ್ಕೊಂದು ತಾಕದೆ ದೂರ ದೂರ ನಿಂತಿದ್ದವು. ಅಪ್ಪನಿಗೆ ಅಕ್ಷರ ಒಲಿದಷ್ಟು ಚಿತ್ರ ಒಲಿದಿರಲಿಲ್ಲ. ಪ್ರತಿ ಚೌಕದ ಕೆಳಗೆ ಆ ಸಂಸ್ಕಾರ ಬೈಬಲಿನಲ್ಲಿ ಎಲ್ಲಿದೆ ಎಂಬುದನ್ನು ದುಂಡಗೆ ಬರೆದಿದ್ದ: ಯಾವ ಪುಸ್ತಕ, ಯಾವ ಅಧ್ಯಾಯ, ಯಾವ ವಚನ. ಬೇರೆ ಮನೆಯ ಮಕ್ಕಳು ಮಗ್ಗಿ ಬಾಯಿಪಾಠ ಮಾಡುವ ವಯಸ್ಸಿನಲ್ಲಿ ನಾನು ಇವನ್ನು ಮಾಡಿದೆ. ಮನೆಗೆ ಯಾರೇ ಬರಲಿ, ಹಾಲಿನವನೇ ಬರಲಿ, ಅಪ್ಪ ನನ್ನನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಒಂದೊಂದೇ ಕೇಳುತ್ತಿದ್ದ. ಹಾಲಿನವನು ಪಾಪ, ಕೈಯಲ್ಲಿ ಅಳತೆಯ ಪಾವು ಹಿಡಿದು, ಕತ್ತಲಲ್ಲಿ ಯೇಸುವನ್ನು ಕಾಣಲು ಬಂದ ನಿಕೊದೇಮನ ಕಥೆ ನಾನು ಮುಗಿಸುವವರೆಗೆ ತಲೆಯಾಡಿಸುತ್ತ ನಿಂತಿರುತ್ತಿದ್ದ. ನಮ್ಮ ಮನೆಯಲ್ಲಿ ಸಾರಿಗೆ ಬೇಳೆ ಕಡಿಮೆಯಾದ ದಿನಗಳಿದ್ದವು, ವಚನ ಕಡಿಮೆಯಾದ ದಿನ ಇರಲಿಲ್ಲ.

ಅಪ್ಪ ಇನ್ನಾಸಪ್ಪ ಸಿರುಗುಪ್ಪದ ಉಪದೇಶಿ. ಉಪದೇಶಿ ಎಂದರೆ ಫಾದರ್ ಅಲ್ಲ. ಫಾದರ್ ಇಲ್ಲದಾಗ ಅವರ ಜಾಗದಲ್ಲಿ ನಿಂತು, ಅವರು ಬಂದಾಗ ಪಕ್ಕಕ್ಕೆ ಸರಿಯುವವನು. ಬಳ್ಳಾರಿಯಿಂದ ಫಾದರ್ ಹದಿನೈದು ದಿನಕ್ಕೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನ ಚರ್ಚಿನ ಬೀಗ ತೆಗೆಯುವುದು, ಗಂಟೆ ಹೊಡೆಯುವುದು, ಜಪ ಹೇಳಿಸುವುದು, ಮಕ್ಕಳಿಗೆ ಧರ್ಮೋಪದೇಶ ಮಾಡುವುದು, ಸತ್ತವರಿಗೆ ಗುಂಡಿಯ ಜಾಗ ತೋರಿಸುವುದು, ಎಲ್ಲ ಅಪ್ಪನದೇ. ಮನೆ ಚರ್ಚಿನ ಬೆನ್ನಿಗೆ ಅಂಟಿಕೊಂಡಿತ್ತು. ಪಡಸಾಲೆ, ಒಂದು ಕೋಣೆ, ಅಡಿಗೆಮನೆ, ಹಿಂದೆ ಬಚ್ಚಲು, ಅಂಗಳದಲ್ಲಿ ಒಂದು ಬೇವಿನ ಮರ. ಮನೆ ನಮ್ಮದಲ್ಲ, ಮಿಷನ್ನಿನದು. ನಾವು ಗೋಡೆಗೆ ಮೊಳೆ ಹೊಡೆಯಲು ಹೋದಾಗಲೆಲ್ಲ ಅಪ್ಪ ಅದನ್ನು ನೆನಪಿಸುತ್ತಿದ್ದ. ಹೊಸದಾಗಿ ಬರುವ ಫಾದರ್‌ಗಳು ಕೇರಳದವರೋ ಮಂಗಳೂರಿನ ಕಡೆಯವರೋ ಆಗಿರುತ್ತಿದ್ದರು. ನಮ್ಮ ಜನರ ಮಾತು ಅವರಿಗೆ ತಿಳಿಯದು, ಅವರ ಮಾತು ನಮ್ಮ ಜನಕ್ಕೆ ತಿಳಿಯದು. ಅಪ್ಪ ನಡುವೆ ನಿಂತು ಅವರ ಕನ್ನಡವನ್ನು ಕನ್ನಡಕ್ಕೆ ತಿರುಗಿಸುತ್ತಿದ್ದ. ಬೈಬಲಿನಲ್ಲಿ ಅವನಿಗೆ ಗೊತ್ತಿಲ್ಲದ ಮೂಲೆಯಿರಲಿಲ್ಲ. ಆದರೆ ಸಾಯುತ್ತಿರುವ ಕೂಸಿನ ತಲೆಗೆ ನೀರು ಹನಿಸಿ ಹೆಸರಿಡುವುದೊಂದನ್ನು ಬಿಟ್ಟರೆ, ಆ ಏಳರಲ್ಲಿ ಒಂದನ್ನೂ ಅವನು ತನ್ನ ಕೈಯಾರೆ ಮಾಡುವಂತಿರಲಿಲ್ಲ. ಎಲ್ಲ ಗೊತ್ತಿದ್ದೂ ಯಾವುದನ್ನೂ ಮುಟ್ಟುವಂತಿಲ್ಲ ಎಂಬುದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು ಎಂದು ಈಗ ಅನಿಸುತ್ತದೆ. ಆಗ ನನಗೆ ಕಂಡದ್ದು ಬರೀ ಸೊಕ್ಕು.

ಅವ್ವನ ಕೆಲಸಕ್ಕೆ ಗೋಡೆಯ ಮೇಲೆ ಚೌಕವಿರಲಿಲ್ಲ. ಅವಳ ಹೆಸರು ಲೂರ್ದಮ್ಮ, ತವರು ಕುರುಗೋಡು. ಅವರ ಮನೆಯ ಮಾತು ತೆಲುಗು. ನಮ್ಮ ಮನೆಗೆ ಬಂದ ಮೇಲೆ ಅವಳು ಕನ್ನಡದಲ್ಲಿ ಬೈಯುವುದನ್ನೂ ಕನ್ನಡದಲ್ಲಿ ಜಪ ಮಾಡುವುದನ್ನೂ ಕಲಿತಿದ್ದಳು. ಜ್ವರ ಬಂದಾಗ ಮಾತ್ರ ತೆಲುಗು ಬರುತ್ತಿತ್ತು. ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಅವಳು ಸದಾ ತಯಾರಾಗಿ ಇಟ್ಟಿರುತ್ತಿದ್ದಳು. ಅದರೊಳಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಎರಡು ಮೇಣದ ಬತ್ತಿ, ಗೇಣುದ್ದದ ಶಿಲುಬೆ, ಹತ್ತಿ, ಪವಿತ್ರ ನೀರಿನ ಸೀಸೆ. ಊರಲ್ಲಿ ಯಾರಿಗಾದರೂ ಜಡ್ಡು ಜೋರಾಗಿ ಫಾದರ್ ಬರುತ್ತಾರೆಂದು ತಿಳಿದರೆ, ಫಾದರ್‌ಗಿಂತ ಮೊದಲು ಅವ್ವ ಆ ಮನೆಗೆ ಹೋಗಿ ಮಂಚದ ಪಕ್ಕ ಒಂದು ಸ್ಟೂಲು ಎಳೆದು ಅದನ್ನೆಲ್ಲ ಜೋಡಿಸಬೇಕು. ಡಬ್ಬಿಯಲ್ಲಿ ಇನ್ನೊಂದು ಇರುತ್ತಿತ್ತು: ಖಡಕ್ ಜೋಳದ ರೊಟ್ಟಿಯ ಚೂರು. ರೋಗಿಗೆ ಹಚ್ಚಿದ ಮೇಲೆ ಫಾದರ್ ಹೆಬ್ಬೆರಳಿನಲ್ಲಿ ಉಳಿಯುವ ಎಣ್ಣೆ ಬಿಷಪ್ಪರು ಮಂತ್ರಿಸಿದ್ದು. ಅದನ್ನು ಸಿಕ್ಕ ಬಟ್ಟೆಗೆ ಒರೆಸುವಂತಿಲ್ಲ. ಪಟ್ಟಣದ ಮನೆಗಳಲ್ಲಿ ಬ್ರೆಡ್ಡಿನ ತುಣುಕು ಇಡುತ್ತಿದ್ದರಂತೆ. ನಮ್ಮ ಕಡೆ ಬ್ರೆಡ್ಡು ಎಲ್ಲಿಂದ ಬರಬೇಕು? ಫಾದರ್ ಹೆಬ್ಬೆರಳನ್ನು ರೊಟ್ಟಿಗೆ ತಿಕ್ಕಿ ಕೊಟ್ಟರೆ ಅವ್ವ ಅದನ್ನು ಸೆರಗಿನಲ್ಲಿ ತಂದು ನಮ್ಮ ಒಲೆಗೆ ಹಾಕುತ್ತಿದ್ದಳು.

ಒಮ್ಮೆ ಹಾಗೆ ಹಚ್ಚೊಳ್ಳಿ ಎಂಬ ಊರಿಗೆ ನನ್ನನ್ನೂ ಕರೆದುಕೊಂಡು ಹೋದಳು. ಕಾಲುವೆಯ ಏರಿಯ ಮೇಲೆ ಬಸ್ಸು ಕೆಟ್ಟು ನಿಂತು, ಯಾರದೋ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಭತ್ತದ ಚೀಲಗಳ ಮೇಲೆ ಕೂತು ಹೋದೆವು. ಅಪ್ಪ ಮೊದಲೇ ಸೈಕಲ್ಲಿನಲ್ಲಿ ಹೋಗಿದ್ದ. ಮಲಗಿದ್ದವಳು ಒಬ್ಬ ಮುದುಕಿ. ಸೊಸೆ ಬಾಗಿಲ ಹೊರಗೆ ನಿಂತು ಮೂಗಿಗೆ ಸೆರಗು ಹಿಡಿದಿದ್ದಳು. ಫಾದರ್ ಬಂದು ಮುದುಕಿಯ ತಲೆಯ ಮೇಲೆ ಎರಡೂ ಕೈ ಇಟ್ಟು ಸುಮ್ಮನೆ ನಿಂತರು, ಆಮೇಲೆ ಹಣೆಗೆ ಎಣ್ಣೆ ಹಚ್ಚಿದರು, ಮಡಚಿದ ಬೆರಳುಗಳನ್ನು ಬಿಡಿಸಿ ಎರಡೂ ಅಂಗೈಗೆ ಹಚ್ಚಿದರು. ಅಲ್ಲಿಯವರೆಗೆ ನರಳುತ್ತಿದ್ದ ಮುದುಕಿ ಸುಮ್ಮನಾಗಿ, ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, ಮಜ್ಜಿಗೆ ಐತೇನು ಎಂದು ಕೇಳಿದಳು. ಬಸ್ಸಿನವರೆಗೆ ನಡೆದು ಬರುವ ದಾರಿಯಲ್ಲಿ ಅವ್ವನನ್ನು ಕೇಳಿದೆ.

“ಎಣ್ಣ್ಯಾಗ ಏನೈತವ್ವಾ?”

“ಎಣ್ಣ್ಯಾಗ ಏನೈತಿ? ಮುಟ್ಟೂದರಾಗ ಐತಿ. ಆ ಮುದುಕಿನ್ನ ಎಷ್ಟು ದಿನದಿಂದ ಯಾರೂ ಮುಟ್ಟಿದ್ದಿಲ್ಲ.”

ಸೈಕಲ್ ತಳ್ಳಿಕೊಂಡು ಪಕ್ಕದಲ್ಲಿ ಬರುತ್ತಿದ್ದ ಅಪ್ಪ ಅಲ್ಲೇ ನಿಂತ.

“ಹಂಗೆಲ್ಲಾ ಕೂಸಿಗೆ ಹೇಳಬ್ಯಾಡ. ಯಾಕೋಬನ ಪತ್ರದಾಗ ಐತಿ, ಮಾರ್ಕನ ಸುವಾರ್ತ್ಯಾಗ ಐತಿ. ಶಿಷ್ಯರು ಎಣ್ಣಿ ಹಚ್ಚಿ ಜಡ್ಡಿನವರನ್ನ ನೆಟ್ಟಗ ಮಾಡಿದ್ರು. ಯಾರ್ಯಾರೋ ಮುಟ್ಟಿದ್ರ ಆಗೂದಲ್ಲ ಅದು.”

ಅವ್ವ ಅಪ್ಪನಿಗೆ ಉತ್ತರ ಕೊಡುತ್ತಿದ್ದದ್ದು ಅಡಿಗೆಮನೆಯಲ್ಲಿ, ಅದೂ ಪಾತ್ರೆಗಳಿಗೆ.

ಅಪ್ಪನಿಗೆ ಸರಿಸಮನಾಗಿ ಉತ್ತರ ಕೊಡುವವನು ಒಬ್ಬನೇ ಇದ್ದ, ಅವ್ವನ ಅಣ್ಣ, ನನ್ನ ಮಾಮ ರತ್ನಪ್ಪ. ಕುರುಗೋಡಿನಲ್ಲಿ ಟೇಲರ್. ಅವರ ತಾಯಿ ಬೇಗ ತೀರಿಹೋದ್ದರಿಂದ ಅವ್ವನನ್ನು ಬೆಳೆಸಿದವನು ಅವನೇ. ಬೆಳಿಗ್ಗೆ ಹೊಲಿಗೆ ಮಶಿನ್ನಿಗೆ ಎಣ್ಣೆ ಬಿಟ್ಟು, ಅದೇ ಕೈಯನ್ನು ಒರೆಸಿಕೊಂಡು ತಂಗಿಯ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದನಂತೆ. ನಡುವೆ ಅವನಿಗೆ ಕುಡಿತ ಹತ್ತಿತು. ಕುಡಿತ ಬಿಡಿಸಲು ನಮ್ಮ ಫಾದರ್‌ಗಳ ಬುದ್ಧಿಮಾತಿನಿಂದಲೂ ಆಗಲಿಲ್ಲ, ಅಪ್ಪನ ವಚನಗಳಿಂದಲೂ ಆಗಲಿಲ್ಲ. ಆಂಧ್ರದ ಕಡೆಯಿಂದ ಬಂದ ಪೆಂಟೆಕೋಸ್ಟ್ ಪಂಗಡದ ಪಾಸ್ಟರೊಬ್ಬನ ಪ್ರಾರ್ಥನೆಯಲ್ಲಿ ಬಿಟ್ಟುಹೋಯಿತು. ಮಾಮ ಕಾಲುವೆಯಲ್ಲಿ ಮುಳುಗಿ ಹೊಸದಾಗಿ ದೀಕ್ಷೆ ತೆಗೆದುಕೊಂಡ. ಯೇಸುರತ್ನಂ ಎಂದು ಹೆಸರು ಬದಲಾಯಿಸಿದ. ಅಂಗಡಿಯ ಪಕ್ಕ ತಗಡು ಹೊದಿಸಿ ಪ್ರಾರ್ಥನೆಯ ಮನೆ ಮಾಡಿದ. ಅವ್ವನಿಗೆ ಅಣ್ಣ ಕುಡಿತ ಬಿಟ್ಟನಲ್ಲ ಎಂಬ ಸಂತೋಷ. ಅಪ್ಪನಿಗೆ ಮೈಯೆಲ್ಲ ಉರಿ.

ಮಾಮ ಬಂದ ದಿನ ಊಟದ ಹೊತ್ತಿಗೆ ಕುಸ್ತಿ ಶುರುವಾಗುತ್ತಿತ್ತು. ಬಾಳೆಲೆಯಲ್ಲಿ ಅನ್ನ, ಹುಳಿಬಾನ, ಶೇಂಗಾ ಚಟ್ನಿ, ಅವನು ಪೊಟ್ಟಣದಲ್ಲಿ ತಂದ ಮಿರ್ಚಿ. ಇಬ್ಬರೂ ಎದುರುಬದುರು ಕೂರುತ್ತಿದ್ದರು. ಮೊದಲ ತುತ್ತಿಗೇ ಅಪ್ಪ ಕೆಣಕುತ್ತಿದ್ದ.

“ಏನ್ರಿ ಬಾವ, ಒಂದ ಸಲ ಹುಟ್ಟಿದಾವ ಎರಡನೇ ಸಲ ಹೆಂಗ ಹುಟ್ಟತಾನ?”

“ನಿಕೊದೇಮನೂ ಹಿಂಗ ಕೇಳಿದ್ದ, ಉಪದೇಶಿಗಳೆ. ಕತ್ಲಾಗ ಕದ್ದು ಬಂದು.”

“ಹಸುಗೂಸಿಗೆ ದೀಕ್ಷಾ ಕೊಡಬಾರದಂತ ಎಲ್ಲೈತಿ? ಬೈಬಲಿನಾಗ ಆ ಸೆರೆಮನಿ ಕಾವಲುಗಾರ ಮನಿಮಂದಿ ಸೈತ ದೀಕ್ಷಾ ತಗಂಡ. ಮನಿಮಂದ್ಯಾಗ ಕೂಸು ಇದ್ದಿದ್ದಿಲ್ಲೇನು?”

“ಇತ್ತು ಅಂತ ಬರದೈತೇನು?”

“ಇದ್ದಿದ್ದಿಲ್ಲ ಅಂತ ಬರದೈತೇನು?”

“ಅನ್ನ ಆರತೈತಿ, ಉಣ್ರಿ” ಎನ್ನುತ್ತಿದ್ದಳು ಅವ್ವ, ಇಬ್ಬರಿಗೂ ಒಂದೇ ಸೌಟಿನಲ್ಲಿ ಬಡಿಸುತ್ತ. ಇಬ್ಬರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅನ್ನ ಆರುತ್ತಿತ್ತು, ಮಿರ್ಚಿ ಮೆತ್ತಗಾಗುತ್ತಿತ್ತು, ಅವರು ಎಡಗೈಯಲ್ಲಿ ಬೈಬಲಿನ ಹಾಳೆ ತಿರುವುತ್ತ ಬಲಗೈ ಒಣಗುವವರೆಗೆ ಕೂತಿರುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ; ನಮ್ಮಲ್ಲಿ ಇವರಿಬ್ಬರ ಜಗಳದಲ್ಲಿ ಬಡವಾಗುತ್ತಿದ್ದವಳು ಕೊನೆಗೆ ತಣ್ಣನೆಯ ಅನ್ನ ಉಣ್ಣುವ ಅವ್ವ. ಒಮ್ಮೆ ಎಂಜಲು ಎಲೆ ಎತ್ತುತ್ತ ನನಗೆ ಮಾತ್ರ ಕೇಳುವಂತೆ ಹೇಳಿದಳು.

“ಇಬ್ಬರಿಗೂ ಒಂದ ಪುಸ್ತಕ ಕೊಟ್ಟು ದೇವರು ತಪ್ಪು ಮಾಡ್ಯಾನ ನೋಡು, ಸಿಸ್ಲಿ.”

ಅವ್ವನಿಗೆ ಕಾಮಾಲೆ ಬಂದದ್ದು ಬೇಸಿಗೆಯಲ್ಲಿ. ಮೊದಲು ಕಣ್ಣು ಹಳದಿಯಾಯಿತು, ಆಮೇಲೆ ಅಂಗೈ. ಯಾರೋ ಹೇಳಿದ ಸೊಪ್ಪಿನ ರಸ ಕುಡಿಸಿದರು, ಕಣ್ಣಿಗೆ ಏನೋ ಹಿಂಡಿದರು. ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಹೊಟ್ಟೆ ಊದಿತ್ತು. ಅಲ್ಲಿ ಕೆಲವು ದಿನ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ಮಕ್ಕಳಿಗೂ ತಿಳಿಯುತ್ತದೆ. ಪಡಸಾಲೆಯಲ್ಲಿ ಗಾಳಿ ಬರುತ್ತದೆಂದು ಅವಳ ಮಂಚವನ್ನು ಆ ಏಳು ಚೌಕಗಳ ಕೆಳಗೆ ಹಾಕಿದರು. ಅಪ್ಪ ಅವಳನ್ನು ಒಬ್ಬನೇ ನೋಡಿಕೊಂಡ. ಎತ್ತಿಕೊಂಡು ಬಚ್ಚಲಿಗೆ ಒಯ್ಯುತ್ತಿದ್ದ, ವಾಂತಿ ಬಳಿಯುತ್ತಿದ್ದ, ಗಂಜಿ ಆರಿಸಿ ಚಮಚದಲ್ಲಿ ಕುಡಿಸುತ್ತಿದ್ದ, ಅವಳು ಉಗುಳಿದರೆ ಮತ್ತೆ ಆರಿಸುತ್ತಿದ್ದ. ಒಂದು ದಿನವೂ ಮುಖ ಸಿಂಡರಿಸಿದ್ದು ನಾನು ಕಾಣೆ. ಅಪ್ಪ ಕೆಟ್ಟವನಾಗಿದ್ದರೆ ಈ ಅಧ್ಯಾಯ ಬರೆಯುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವ್ವ ತಾನೇ ಕೇಳಿದಳು, ಫಾದರ್‌ನ ಕರಸ್ರಿ ಎಂದು. ಅಪ್ಪ ತಕ್ಷಣ ಪಕ್ಕದ ಮನೆಯ ಹುಲಿಗೆಮ್ಮನ ಗಂಡನನ್ನು ಬಳ್ಳಾರಿಯ ಬಸ್ಸಿಗೆ ಹತ್ತಿಸಿದ. ಅವನು ಸಂಜೆ ತಿರುಗಿ ಬಂದು, ಫಾದರ್ ಧಾರವಾಡದ ಕಡೆ ಧ್ಯಾನಕೂಟಕ್ಕೆ ಹೋಗಿದ್ದಾರೆ, ನಾಳೆ ಬೆಳಿಗ್ಗೆ ಬರುತ್ತಾರೆ, ಬಂದವರೇ ಇಲ್ಲಿಗೆ ಹೊರಡುತ್ತಾರೆ ಎಂದ. ಮರುದಿನ ಸೂರ್ಯ ಏರುವ ಮೊದಲೇ ಅವ್ವ ನನ್ನಿಂದ ಸ್ಟೂಲು ಎಳೆಸಿದಳು. ತನ್ನ ಸಾವಿಗೆ ತಾನೇ ಮೇಜು ಜೋಡಿಸಿದಳು, ನನ್ನ ಕೈಯಿಂದ. ಬಟ್ಟೆಯ ಮಡಿಕೆ ಹೊರಗೆ ಕಾಣಬಾರದು, ಶಿಲುಬೆ ನಡುವೆ ಇರಬೇಕು, ಅದರ ಮುಖ ಮಂಚದ ಕಡೆಗೆ.

“ರೊಟ್ಟಿ ಒಣಗಿದ್ದ ಇಡು. ಹಸೀದು ಫಾದರ್ ಬೆರಳಿಗೆ ಅಂಟತೈತಿ.”

ಅಷ್ಟು ಹೇಳಿ ಕಣ್ಣು ಮುಚ್ಚಿದಳು. ಬಿಸಿಲು ಏರಿತು. ಮೇಣದ ಬತ್ತಿಗಳು ಹಚ್ಚದೆಯೇ ಸೆಕೆಗೆ ಬಾಗತೊಡಗಿದವು. ರೊಟ್ಟಿಗೆ ಇರುವೆ ಬಂದವು; ನಾನು ಊದಿ ಊದಿ ಓಡಿಸುತ್ತಿದ್ದೆ. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಅಪ್ಪ ಬೀದಿಯವರೆಗೆ ಹೋಗಿ ಬರುತ್ತಿದ್ದ. ಫಾದರ್ ಬದಲು ಬಂದವನು ಮಾಮ.

ಅಂಗಿಯೆಲ್ಲ ಬೆವರಾಗಿತ್ತು. ಒಳಗೆ ಬಂದವನು ತಂಗಿಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಅವ್ವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು.

“ಅನ್ನಾ, ವಚ್ಚಿನಾವಾ?”

“ಬಂದೀನಿ ತಾಯಿ, ಬಂದೀನಿ” ಎಂದ ಮಾಮ.

“ನೂನೆ ಪೆಟ್ಟು, ಅನ್ನಾ.”

ಎಣ್ಣೆ ಹಚ್ಚು ಎಂದು ಕೇಳುತ್ತಿದ್ದಾಳೆಂದು ನನಗೂ ತಿಳಿಯಿತು, ಅಪ್ಪನಿಗೂ ತಿಳಿಯಿತು. ಮಾಮ ಜೇಬಿನಿಂದ ಸಣ್ಣ ಸೀಸೆ ತೆಗೆದ. ಕೊಬ್ಬರಿ ಎಣ್ಣೆ, ತನ್ನ ಸಭೆಯಲ್ಲಿ ಪ್ರಾರ್ಥನೆ ಮಾಡಿ ತಂದದ್ದು. ಅಪ್ಪ ಎದ್ದು ಮಂಚಕ್ಕೂ ಅವನಿಗೂ ನಡುವೆ ನಿಂತ.

“ಬಾವ, ಪ್ರಾರ್ಥನಾ ಮಾಡ್ರಿ, ಬ್ಯಾಡನ್ನಂಗಿಲ್ಲ. ಎಣ್ಣಿ ಮಾತ್ರ ಹಚ್ಚಬ್ಯಾಡ್ರಿ.”

“ಯಾಕ? ಗ್ವಾಡಿ ಮ್ಯಾಲ ನೀವ ಬರದೀರಲ್ಲ. ಜಡ್ಡಾದಾವ ಸಭಾದ ಹಿರೇರನ್ನ ಕರೀಲಿ, ಅವ್ರು ಎಣ್ಣಿ ಹಚ್ಚಿ ಪ್ರಾರ್ಥನಾ ಮಾಡ್ಲಿ ಅಂತ. ಆಕಿ ಕರದಾಳ. ನಾ ಬಂದೀನಿ.”

“ಹಿರೇರು ಅಂದ್ರ ಗುರುಗೋಳು. ಅಪೊಸ್ತಲರಿಂದ ಕೈಯಿಂದ ಕೈಗೆ ಬಂದ ಅಧಿಕಾರ ಅದು. ನಿಮ್ಮ ತಲಿ ಮ್ಯಾಲ ಯಾರು ಕೈ ಇಟ್ಟಾರ?”

“ಸಾಯೋ ಕೂಸಿಗೆ ಯಾರು ಬೇಕಾದ್ರೂ ನೀರು ಹಾಕಬೋದಂತೀರಿ. ಸಾಯೋ ಹೆಂಗಸಿಗೆ ಒಬ್ಬರೂ ಎಣ್ಣಿ ಹಚ್ಚಂಗಿಲ್ಲೇನು?”

ಅಪ್ಪ ಅರೆಗಳಿಗೆ ತಡವರಿಸಿದ. ಅಷ್ಟು ವರ್ಷಗಳ ಕುಸ್ತಿಯಲ್ಲಿ ಅವನು ತಡವರಿಸಿದ್ದು ಅದೊಂದೇ ಸಲ.

“ಅದು ಬ್ಯಾರೆ, ಇದು ಬ್ಯಾರೆ” ಎಂದ.

ಅವ್ವ ತಲೆದಿಂಬಿನಿಂದ ತಲೆ ಎತ್ತಲು ನೋಡಿದಳು. ಈಗ ಕನ್ನಡದಲ್ಲೇ ಹೇಳಿದಳು, ಗಂಡನಿಗೆಂದೇ.

“ಅಣ್ಣ ಹಚ್ಚಲಿ ಬಿಡ್ರಿ. ಫಾದರ್ ಬಂದ್ರ ಅವ್ರೂ ಹಚ್ಚಲಿ. ಎರಡೂ ಇರ್ಲಿ.”

“ಹಂಗ ಬರಂಗಿಲ್ಲ, ಲೂರ್ದಿ. ಅವರ ಕೈಲೆ ತಗಂಡ್ರ ಅವರ ಕಡೆ ಹೋದಂಗ. ನಾಳೆ ಫಾದರ್ ಕೇಳಿದ್ರ ನಾ ಏನಂತ ಹೇಳ್ಲಿ? ಇನ್ನೊಂದೀಟು ತಡಕ. ಬಂದ ಬಿಡ್ತಾರ.”

ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಹುಲಿಗೆಮ್ಮ ತಡೆ ಹಿಡಿಯಲಾರದೆ ಬಾಯಿ ಬಿಟ್ಟಳು.

“ಏನ್ ಮಂದ್ಯೋ ಯವ್ವಾ! ದೇವ್ರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂದಂಗಾತು. ತಲಿಗೆ ಒಂದು ಹನಿ ಎಣ್ಣಿ ಹಚ್ಚಾಕ ಇಷ್ಟು ಪಂಚಾಯ್ತಿ?”

ಮಾಮ ಸೀಸೆಯ ಮುಚ್ಚಳ ತಿರುಗಿಸಿ ಹಾಕಿದ. ಸಾಯೋರ ಮುಂದ ಜಗಳಾಡಾಕ ಬಂದಿಲ್ಲ ನಾನು ಎಂದು ಹೇಳಿ, ಹೊರಗೆ ಹೋಗಿ ಬೇವಿನ ಮರದ ಕೆಳಗೆ ಮೊಣಕಾಲೂರಿ, ಗಟ್ಟಿಯಾಗಿ ತೆಲುಗಿನಲ್ಲಿ ಪ್ರಾರ್ಥನೆ ಶುರು ಮಾಡಿದ. ಅವನ ಮೇಲೂ ನನಗೆ ಸಿಟ್ಟಿದೆ. ಸೀಸೆ ಜೇಬಿಗೆ ಹಾಕಿಕೊಂಡು ಬರೀ ಕೈಯನ್ನು ತಂಗಿಯ ತಲೆಯ ಮೇಲಿಡಬಹುದಿತ್ತು. ಅದನ್ನು ಅಪ್ಪ ಬೇಡ ಎಂದಿರಲಿಲ್ಲ. ಅವಳು ಕೇಳಿದ್ದೂ ಅಷ್ಟೇ, ಎರಡು ಜಡೆ ಹಾಕಿ ಬೆಳೆಸಿದ ಕೈ. ಆದರೆ ಎಣ್ಣೆಯಿಲ್ಲದೆ ಮುಟ್ಟಿದರೆ ಮಾಮ ಸೋತಂತೆ, ಎಣ್ಣೆಯಿಂದ ಮುಟ್ಟಿದರೆ ಅಪ್ಪ ಸೋತಂತೆ. ಇಬ್ಬರೂ ಗೆದ್ದರು. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಅಪ್ಪ ಗಂಜಿಯ ಚಮಚ ಹಿಡಿದು ಕರೆದ, ನೀರು ಹಿಡಿದು ಕರೆದ, ತಿರುಗಲಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಹೋದಳು. ನಾನು ಅವಳ ಪಾದ ಹಿಡಿದುಕೊಂಡಿದ್ದೆ, ಅವು ತಣ್ಣಗಾದದ್ದು ನನಗೆ ಮೊದಲು ಗೊತ್ತಾಯಿತು.

ಫಾದರ್ ಬಂದದ್ದು ಊಟದ ಹೊತ್ತು ಮೀರಿದ ಮೇಲೆ, ಮೋಟಾರ್ ಸೈಕಲ್ಲಿನಲ್ಲಿ, ಹುಬ್ಬಿನವರೆಗೆ ಧೂಳು. ಹರೆಯದವರು, ಮಂಗಳೂರಿನ ಕಡೆಯವರು. ಬಾಗಿಲಲ್ಲೇ ವಿಷಯ ತಿಳಿದು, ಹೆಗಲಿಗೆ ಪಟ್ಟಿ ಹಾಕಿಕೊಂಡು ಸತ್ತವರಿಗೆ ಹೇಳುವ ಪ್ರಾರ್ಥನೆ ಹೇಳಿದರು. ಪ್ರಾರ್ಥನೆ ಮುಗಿದ ಕೂಡಲೇ ಅಪ್ಪ ಕೈಕಟ್ಟಿ ನಿಂತು ವರದಿ ಒಪ್ಪಿಸಿದ. ಹೀಗೆ ಹೀಗೆ, ಅಣ್ಣ ಬಂದಿದ್ದರು, ಎಣ್ಣೆ ತಂದಿದ್ದರು, ನಾನು ಬಿಡಲಿಲ್ಲ. ಅವನ ದನಿಯಲ್ಲಿ ಅಳುವಿತ್ತು, ಅದರ ಅಡಿಯಲ್ಲಿ ಒಂದು ಶಾಬಾಸಿನ ನಿರೀಕ್ಷೆಯೂ ಇತ್ತು. ಅದನ್ನು ನಾನು ಕಂಡೆ. ಫಾದರ್ ಚೊಂಬಿನಿಂದ ನೀರು ಕುಡಿಯುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು.

“ಅಯ್ಯೋ, ಬಿಡಬೇಕಿತ್ತು ಉಪದೇಶಿಗಳೇ. ಅದು ಸಂಸ್ಕಾರ ಆಗುವುದಿಲ್ಲ, ನಿಜ. ಆದರೆ ಅಣ್ಣ ತಂಗಿಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದರೆ ಅದರಲ್ಲಿ ಪಾಪ ಏನಿದೆ? ಪಾಪ, ಅವರಿಗೆ ಸಮಾಧಾನ ಆಗುತ್ತಿತ್ತು.”

ಹೇಳಿ ಉಳಿದ ನೀರು ಕುಡಿದು, ಮಣ್ಣು ಎಷ್ಟು ಹೊತ್ತಿಗೆ ಎಂದು ಕೇಳಿದರು. ಅವರಿಗೆ ಅದು ದಾರಿಯಲ್ಲಿ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರದಷ್ಟೇ ಹಗುರ. ಅಪ್ಪ ಹೂಂ ಫಾದರ್ ಎಂದ. ಅವನ ತುಟಿ ಮಾತ್ರ ಇನ್ನೂ ಏನೋ ಹೇಳುವಂತೆ ಅಲುಗುತ್ತಿತ್ತು, ಬಹುಶಃ ಅಧ್ಯಾಯ ಮತ್ತು ವಚನ. ಬಾಗಿಲ ಹತ್ತಿರ ನಿಂತಿದ್ದ ಮಾಮ ಫಾದರ್ ಹೇಳಿದ್ದನ್ನು ಕೇಳಿಸಿಕೊಂಡ. ಗೆದ್ದೆ ಎಂದು ಹೇಳಲು ಅವನಿಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ, ಪುಣ್ಯಕ್ಕೆ ಹೇಳಲಿಲ್ಲ. ಮಣ್ಣು ಹಾಕಿ, ಕೈ ತೊಳೆಯದೆ, ಸಂಜೆಯ ಬಸ್ಸಿಗೆ ಕುರುಗೋಡಿಗೆ ಹೋದ. ಮತ್ತೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ನಾನೀಗ ಬಳ್ಳಾರಿಯ ಗಾಂಧಿನಗರದಲ್ಲಿದ್ದೇನೆ. ಬಹಳ ವರ್ಷ ಟೀಚರ್ ಆಗಿದ್ದೆ. ಮಕ್ಕಳು ಬಾಯಿಪಾಠ ಒಪ್ಪಿಸಲು ಎದ್ದು ನಿಂತರೆ ಕೂರಿಸಿಬಿಡುತ್ತಿದ್ದೆ. ಯಾರನ್ನೂ ಹಾಗೆ ನಿಲ್ಲಿಸಲಿಲ್ಲ. ಚರ್ಚಿಗೆ ಹೋಗುತ್ತೇನೆ. ನಂಬಿಕೆ ಹೋಯಿತೇ ಎಂದು ಕೇಳುವವರಿಗೆ ಇಲ್ಲ ಎನ್ನುತ್ತೇನೆ, ಅದು ಸುಳ್ಳೂ ಅಲ್ಲ. ಆ ಮುದುಕಿ ಮಜ್ಜಿಗೆ ಕೇಳಿದ್ದನ್ನು ನಾನು ಕಣ್ಣಾರೆ ಕಂಡವಳು. ಅಪ್ಪ ಹೇಳಿದ ಪ್ರತಿಯೊಂದು ಮಾತೂ ಪುಸ್ತಕದಲ್ಲಿದೆ, ಆಮೇಲೆ ನಾನೇ ಹುಡುಕಿ ನೋಡಿದ್ದೇನೆ; ಬೇರು ಅಲ್ಲಿರುವುದು ದಿಟ. ಹಾಗಿದ್ದೂ, ಬರೆದಿದೆ ಬರೆದಿದೆ ಎಂದು ಬೆರಳಿಟ್ಟು ತೋರಿಸುವವರನ್ನು ಕಂಡರೆ ನನಗೆ ಮೊದಲು ಅವರ ಮನೆಯಲ್ಲಿ ಯಾರು ಕಾಯಿಲೆ ಬಿದ್ದು ಮಲಗಿದ್ದಾರೆ ಎಂದು ಕೇಳಬೇಕೆನಿಸುತ್ತದೆ. ಈ ಬುದ್ಧಿ ನನಗೆ ಬಂದದ್ದು ಅವ್ವ ಹೋದ ದಿನವೂ ಅಲ್ಲ. ಅದರ ನಂತರದ ಭಾನುವಾರ.

ಆ ಭಾನುವಾರ ಅಪ್ಪ ಧರ್ಮೋಪದೇಶದ ತರಗತಿ ನಿಲ್ಲಿಸುತ್ತಾನೆಂದು ನಾನು ಅಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಮಂಚ ತೆಗೆದ ಜಾಗದಲ್ಲಿ ಚಾಪೆ ಹಾಸಿದ. ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಬಂದು ಕುರ್ಚಿಯಲ್ಲಿ ಕೂತ. ಮುಖದಲ್ಲಿ ಗಡ್ಡ ಬೆಳೆದಿತ್ತು. ಓಣಿಯ ಮಕ್ಕಳು ನೋಟ್‌ಬುಕ್ಕು ಹಿಡಿದು ಸಾಲಾಗಿ ಕೂತರು. ಹಿಂದಿನ ಪಾಠ ಪಾಪನಿವೇದನೆಗೆ ಮುಗಿದಿತ್ತು, ಸಾಲಿನಂತೆ ಆ ದಿನ ಎಣ್ಣೆಯ ಚೌಕ. ಬೇರೆ ಏನನ್ನಾದರೂ ತೆಗೆದುಕೊಳ್ಳಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅವನು ನನ್ನ ಹೆಸರು ಹಿಡಿದು ಕರೆದ.

“ಸಿಸಿಲಿ, ಯಾಕೋಬನ ಪತ್ರ, ಐದನೇ ಅಧ್ಯಾಯ. ಹೇಳು.”

ಎದ್ದು ನಿಂತು ಹೇಳಿದೆ. ನನ್ನ ಬಾಯಿಗೆ ಅದನ್ನು ತಡೆದು ಗೊತ್ತಿರಲಿಲ್ಲ. ರೋಗಿಯು ಹಿರಿಯರನ್ನು ಕರೆಸುವುದು, ಎಣ್ಣೆ, ಪ್ರಾರ್ಥನೆ, ರೋಗಿ ಏಳುವುದು, ಎಲ್ಲ ಹೇಳಿದೆ. ಅಪ್ಪ ಮಕ್ಕಳಿಗೆ ಅರ್ಥ ಬಿಡಿಸಿದ. ಹಿರಿಯರು ಎಂದರೆ ಗುರುಗಳು. ಎಣ್ಣೆ ಎಂದರೆ ಬಿಷಪ್ಪರು ಮಂತ್ರಿಸಿದ ಎಣ್ಣೆ. ಬೇರೆ ಯಾರ ಕೈಯಿಂದಲೂ ತೆಗೆದುಕೊಳ್ಳುವಂತಿಲ್ಲ. ಹಿಂದಿನ ವರ್ಷ ಹೇಳಿದ್ದಕ್ಕೆ ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಫಾದರ್ ಹೇಳಿದ್ದು ಅವನ ಕಿವಿಗೆ ಬಿದ್ದೇ ಇಲ್ಲವೇನೋ ಎಂಬಂತೆ. ಮುಂದಿನ ಸಾಲಿನ ಸಣ್ಣ ಹುಡುಗಿಯೊಬ್ಬಳು ಕೈ ಎತ್ತಿದಳು.

“ಫಾದರ್ ಬರೂದು ತಡಾ ಆದ್ರ, ಸರ?”

“ತಡಾ ಆದ್ರ ಕಾಯಬೇಕು.”

“ಅವ್ವ ಕಾದ್ಲಲ್ಲಪ್ಪಾ” ಎಂದೆ ನಾನು.

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಅಪ್ಪ ನನ್ನನ್ನು ನೋಡಲಿಲ್ಲ. ಮಡಿಲಲ್ಲಿದ್ದ ಬೈಬಲಿನ ಮೇಲೆ ಕಣ್ಣಿಟ್ಟು ಹೇಳಿದ.

“ಮುಂದಿನ ವಚನ ಹೇಳು.”

ಮುಂದಿನದು ನನಗೆ ಗೊತ್ತಿತ್ತು. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಒಪ್ಪಿಕೊಳ್ಳಿರಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿರಿ, ಆಗ ಗುಣವಾಗುತ್ತೀರಿ ಎಂದು ಯಾಕೋಬ ಅಲ್ಲಿ ಹೇಳುತ್ತಾನೆ. ಗೋಡೆಗೆ ಬೆನ್ನು ಮಾಡಿ ನಿಲ್ಲುವ ರೂಢಿ ಬಿಟ್ಟು ಅವನ ಎದುರಿಗೇ ನಿಂತು, ನಿಧಾನವಾಗಿ, ಒಂದೊಂದು ಮಾತೂ ಅವನಿಗೆ ಕೇಳುವಂತೆ ಹೇಳಿದೆ. ಹೇಳಿ ಮುಗಿಸಿ ಕೂರಲಿಲ್ಲ. ಅವನು ಏನಾದರೂ ಹೇಳುತ್ತಾನೆಂದು ನಿಜವಾಗಿಯೂ ನಂಬಿದ್ದೆ. ತಪ್ಪಾಯಿತು ಎನ್ನುವುದು ಬೇಕಿರಲಿಲ್ಲ, ಅವ್ವನಂತೆ ಸಿಸ್ಲಿ ಎಂದು ಒಂದು ಸಲ ಕರೆದಿದ್ದರೂ ಸಾಕಿತ್ತು. ಅಲ್ಲೇ ಅಳುತ್ತಾ ಅವನ ಮಡಿಲಿಗೆ ಹೋಗಿ ಬೀಳುತ್ತಿದ್ದೆ. ಅಪ್ಪ ಮಕ್ಕಳ ಕಡೆ ತಿರುಗಿದ.

“ಒಬ್ಬರಿಗೊಬ್ಬರು ಅಂದ್ರ ಮನ್ಯಾಗ ಅಲ್ಲ. ಪಾಪ ಹೇಳಬೇಕಾದ್ದು ಫಾದರ್ ಮುಂದ. ಬರಕೊಳ್ರಿ.”

ಮಕ್ಕಳು ಬರೆದುಕೊಂಡರು. ನಾನು ಕೂತೆ.